ಕ್ಯಾಪ್ಟನ್ ಬೇಡಿಕೊಂಡಿದ್ದಳೇ?

ಜಗಳಕ್ಕೆ ಕಾರಣ ಬೇಕೆಂದರೆ ಲೋಕದಲ್ಲಿ ಬರವಿಲ್ಲ. ಜನ ಗೋಡೆಗೆ ಜಗಳ ಆಡುತ್ತಾರೆ, ನಲ್ಲಿ ನೀರಿಗೆ ಆಡುತ್ತಾರೆ, ಗಾಡಿ ನಿಲ್ಲಿಸುವ ಜಾಗಕ್ಕೂ ಆಡುತ್ತಾರೆ. ಆದರೆ ಈ ಭೂಮಿಯ ಮೇಲೆ ಹುಟ್ಟೇ ಇಲ್ಲದ ಒಬ್ಬ ಹೆಂಗಸಿನ ತಲೆಗೂದಲಿಗಾಗಿ ಸಾವಿರಾರು ಜನ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿಯುವುದನ್ನು ನೋಡಬೇಕಾದರೆ ಈ ಮನೆಯ ಸೊಸೆಯ ಕೋಣೆಗೆ ಬರಬೇಕಿತ್ತು.

ಕೋಣೆ ಎನ್ನುವುದು ದೊಡ್ಡ ಮಾತು. ಒಂದು ಕಡೆ ಬಟ್ಟೆ ಒಗೆಯುವ ಮೆಷಿನ್, ಇನ್ನೊಂದು ಕಡೆ ಇಸ್ತ್ರಿಗೆ ಕಾದು ಕೂತ ಬಟ್ಟೆಯ ಗುಡ್ಡೆ, ನಡುವೆ ಒಂದು ಮೇಜು, ಒಂದು ಕಂಪ್ಯೂಟರ್. ಅಲ್ಲಿ ಕೂತು ಅವಳು ಬೆಳಗಿನಿಂದ ಸಂಜೆಯವರೆಗೆ ಕಾಮೆಂಟು ಓದುತ್ತಿದ್ದಳು. ಒಂದು ಸಿನಿಮಾ ಕಂಪನಿ ತನ್ನ ಅಭಿಮಾನಿಗಳಿಗೆಂದು ನಡೆಸುವ ಪುಟ ಅದು. ಯಾರು ಏನು ಬರೆದರೂ ಮೊದಲು ಇವಳ ಕಣ್ಣ ಮುಂದೆ ಹಾದುಹೋಗಬೇಕು. ಬೈಗುಳವಿದ್ದರೆ, ಬೆದರಿಕೆಯಿದ್ದರೆ, ಯಾರದಾದರೂ ಅಪ್ಪ ಅಮ್ಮನ ಸುದ್ದಿ ಬಂದರೆ ಅಳಿಸಬೇಕು, ಉಳಿದದ್ದನ್ನು ಬಿಡಬೇಕು. ಮಿತಿ ಮೀರಿದವನಿಗೆ ಎರಡು ಸಲ ಎಚ್ಚರಿಕೆ, ಮೂರನೇ ಸಲ ಖಾತೆ ಬಂದ್. ಇಷ್ಟೇ ಕೆಲಸ. ಇಷ್ಟೇ ಕೆಲಸ ಮಾಡಿ ಸಂಜೆ ಎದ್ದಾಗ ಅವಳ ತಲೆ ಪಕ್ಕದ ಮೆಷಿನ್ನಿನಲ್ಲಿ ಹಾಕಿ ಹಿಂಡಿದ ಹಾಗಿರುತ್ತಿತ್ತು.

ಈಗ ನಡೆಯುತ್ತಿದ್ದ ಜಗಳ ‘ನೌಕೆ’ಯದು. ಅವಳ ಮಾವನ ಪ್ರಾಯದ ಕಾಲದಲ್ಲಿ ಬಂದು ಊರೂರು ಗೆದ್ದ ಸಿನಿಮಾ. ಪೂರ್ತಿ ಹೆಸರು ಉದ್ದ, ಜನರ ಬಾಯಲ್ಲಿ ಬರೀ ನೌಕೆ. ಅವಳು ಕೇಳಿ ತಿಳಿದ ಕತೆ ಇಷ್ಟು: ಆಕಾಶದಲ್ಲಿ ದಾರಿ ತಪ್ಪಿದ ಒಂದು ಹಡಗು, ಅದರೊಳಗೆ ವರ್ಷಗಟ್ಟಲೆ ನಿದ್ದೆಗೆ ಹಾಕಿ ಮಲಗಿಸಿದ ಪ್ರಯಾಣಿಕರು. ಎಚ್ಚರವಿರುವವಳು ಕ್ಯಾಪ್ಟನ್ ಒಬ್ಬಳೇ. ಉಸಿರಾಡುವ ಗಾಳಿ ಮುಗಿಯುತ್ತ ಬರುತ್ತದೆ. ಮಲಗಿದವರು ಉಳಿಯಬೇಕಾದರೆ ಕ್ಯಾಪ್ಟನ್ನಿನ ಕೋಣೆಗೆ ಗಾಳಿ ನಿಲ್ಲಿಸಬೇಕೆಂದು ಹಡಗಿನ ಯಂತ್ರ ಹೇಳುತ್ತದೆ. ಅವಳು ಕುರ್ಚಿಯಲ್ಲಿ ಕೂತು, “ಸರಿ, ಬಾಗಿಲು ಹಾಕು” ಎನ್ನುತ್ತಾಳೆ. ಪರದೆ ಕತ್ತಲಾಗುತ್ತದೆ.

ಅದೇ ಕತೆಯನ್ನು ಕಂಪನಿ ಈಗ ಹೊಸದಾಗಿ ತೆಗೆದು ಬಿಡುಗಡೆ ಮಾಡಿತ್ತು. ಹಳೇ ಕ್ಯಾಪ್ಟನ್ನಿಗೆ ಮೋಟುಗೂದಲು, ಹೊಸಬಳಿಗೆ ಜಡೆ. ಹಳಬಳಿಗೆ ತನ್ನವರು ಅಂತ ಯಾರೂ ಇಲ್ಲ. ಹೊಸಬಳಿಗೆ ಭೂಮಿಯಲ್ಲೊಬ್ಬ ಗಂಡ, ಹಡಗಿನಲ್ಲೊಂದು ಬೆಕ್ಕು. ಎಲ್ಲಕ್ಕಿಂತ ಹೆಚ್ಚಾಗಿ, ಹೊಸಬಳು ಕೊನೆಯಲ್ಲಿ ಯಂತ್ರದ ಮುಂದೆ ಮಂಡಿಯೂರಿ ಅತ್ತು, “ಭಯ ಆಗ್ತಿದೆ, ಇನ್ನೊಂದು ಸ್ವಲ್ಪ ಹೊತ್ತು ಬಿಡು” ಎಂದು ಬೇಡಿಕೊಳ್ಳುತ್ತಾಳೆ.

ಬೆಂಕಿ ಹತ್ತಿದ್ದು ಅಲ್ಲಿ. “ಜಡೆ ಹಾಕ್ಕೊಳೋಕೆ ಟೈಮಿತ್ತು, ಗಾಳಿ ಲೆಕ್ಕ ಹಾಕೋಕೆ ಇರಲಿಲ್ಲ” ಎಂದು ಒಬ್ಬ ಬರೆದ. “ಆ ಬೆಕ್ಕು ಎಷ್ಟು ಗಾಳಿ ಕುಡೀತು ಅಂತ ಯಾರಾದ್ರೂ ಕೇಳಿದ್ರಾ?” ಎಂದು ಇನ್ನೊಬ್ಬ. “ಹಳಬಳು ಮನುಷ್ಯಳೇ ಅಲ್ಲ, ಅವಳು ಕೂತ ಕುರ್ಚಿಗೂ ಅವಳಿಗೂ ವ್ಯತ್ಯಾಸ ಇರಲಿಲ್ಲ. ಇವಳಲ್ಲಿ ಜೀವ ಇದೆ” ಎಂದು ಒಬ್ಬ ಹುಡುಗಿ ಬರೆದಳು, ಅದರ ಕೆಳಗೆ ಬಿದ್ದ ಬೈಗುಳ ಅಳಿಸುವುದೇ ಸೊಸೆಗೆ ಅರ್ಧ ದಿನದ ಕೆಲಸವಾಯಿತು. ಸಿನಿಮಾ ನೋಡಿಲ್ಲ, ನೋಡುವುದೂ ಇಲ್ಲ, ಆದರೆ ಕೆಟ್ಟದಾಗಿದೆ ಎನ್ನುವವರ ಗುಂಪು ಎಲ್ಲಕ್ಕಿಂತ ದೊಡ್ಡದು. ಪ್ರತಿಯೊಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರೇ. ನಾಲ್ಕನೇ ಕಾಲು ತೋರಿಸಲು ಹೋದವನಿಗೆ ಎರಡೂ ಕಡೆಯಿಂದ ಪೆಟ್ಟು.

ಈ ಗಲಾಟೆಯಲ್ಲಿ ಎಲ್ಲರಿಗಿಂತ ಗಟ್ಟಿ ದನಿ ‘ಹಳೇ ರೀಲು’ ಎಂಬ ಹೆಸರಿನದು. ಆ ಹಳೇ ರೀಲು ಬೇರಾರೂ ಅಲ್ಲ, ಗೋಡೆಯ ಆಚೆ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ ಅವಳ ಮಾವ.

ಮೊದಲು ಗೋಡೆಯಾಚೆಯಿಂದ ಒಂದು ನಿಟ್ಟುಸಿರು ಕೇಳುತ್ತಿತ್ತು. ಆಮೇಲೆ ಫೋನಿನ ಮೇಲೆ ಒಂಟಿ ಬೆರಳಿನ ಟಕ್ ಟಕ್. ಚಹಾ ಆರುವಷ್ಟು ಹೊತ್ತಾದ ಮೇಲೆ ಅದು ಇವಳ ಪರದೆಯ ಮೇಲೆ ಬಂದು ಬೀಳುತ್ತಿತ್ತು: “ನಮ್ಮ ಕ್ಯಾಪ್ಟನ್ ಯಾರ ಮುಂದೆಯೂ ಬೇಡಿಕೊಂಡವಳಲ್ಲ. ಬೇಡಿಕೊಂಡಳು ಅನ್ನುವವನು ಸುಳ್ಳ, ಅವನಪ್ಪ ಟಿಕೆಟ್ ಇಲ್ಲದೆ ಒಳಗೆ ನುಗ್ಗಿದವನು.” ಅಪ್ಪನ ಸುದ್ದಿ ಬಂತಲ್ಲ. ಸೊಸೆ ಹಣೆ ಒತ್ತಿಕೊಂಡು ಅಳಿಸುತ್ತಿದ್ದಳು. ಗೋಡೆಯಾಚೆಯಿಂದ, “ತೆಗೆದ, ಮತ್ತೆ ತೆಗೆದ” ಎಂದು ಗೊಣಗಾಟ. ಮಾವನಿಗೆ ಎರಡು ಎಚ್ಚರಿಕೆಯೂ ಆಗಿಹೋಗಿತ್ತು. ಎರಡನ್ನೂ ಕಳಿಸಿದವಳು ಅವಳೇ, ಆಮೇಲಿನವನ್ನು ಲೆಕ್ಕಕ್ಕೆ ಹಿಡಿಯದೆ ಬರೀ ಅಳಿಸುತ್ತಿದ್ದಳು.

ಹೇಳಿಬಿಡಬಹುದಿತ್ತಲ್ಲ ಎಂದು ಯಾರಿಗಾದರೂ ಅನಿಸೀತು. ಕೆಲಸಕ್ಕೆ ಸೇರುವಾಗಲೇ ಕಂಪನಿ ಸಹಿ ಹಾಕಿಸಿಕೊಂಡಿತ್ತು, ಏನು ಕೆಲಸವೆಂದು ಮನೆಯವರಿಗೂ ಬಾಯಿ ಬಿಡುವಂತಿಲ್ಲ. ‘ಯಾವುದೋ ಆಫೀಸಿಗೆ ಟೈಪಿಂಗ್’ ಎಂದು ಅವಳು ಹೇಳಿದ್ದಳು, ಮನೆಯವರು ನಂಬಿದ್ದರು. ಕಾರ್ಖಾನೆಯ ಪಾಳಿ ಮುಗಿಸಿ ಬರುವ ಗಂಡನಿಗೆ ಹೆಚ್ಚು ಕೇಳುವಷ್ಟು ತ್ರಾಣವೂ ಇರಲಿಲ್ಲ.

ಸಹಿಗಿಂತ ದೊಡ್ಡ ಕಾರಣ ಬೇರೆ ಇತ್ತು. ಮಾವ ಒಂದು ಕಾಲದಲ್ಲಿ ಟಾಕೀಸಿನ ಆಪರೇಟರ್. ಮೇಲಿನ ಬಿಸಿ ಕೋಣೆಯಲ್ಲಿ ನಿಂತು ರೀಲು ಓಡಿಸುತ್ತಿದ್ದವರು. ಈ ಊರಿನಲ್ಲಿ ನೌಕೆ ಹಾರಿದ್ದು ಅವರ ಕೈಯಲ್ಲೇ. ಟಾಕೀಸು ಈಗ ಹಾಸಿಗೆ ಮಾರುವ ಅಂಗಡಿಯಾಗಿದೆ. ಹೋದ ವರ್ಷ ಅತ್ತೆ ತೀರಿಕೊಂಡ ಮೇಲೆ ಮಾವ ಮಾತೇ ನಿಲ್ಲಿಸಿಬಿಟ್ಟಿದ್ದರು. ‘ಹೂಂ’, ‘ಸಾಕು’, ‘ಬೇಡ’ ಎಂಬ ಮೂರು ಮಾತಿನಲ್ಲಿ ತಿಂಗಳುಗಟ್ಟಲೆ ಸಂಸಾರ ನಡೆಯಿತು. ಹೊಸ ನೌಕೆಯ ಟ್ರೈಲರ್ ಬಂದ ದಿನ ಮಾತ್ರ ಎದ್ದು ಕೂತು, “ಇದೇನಮ್ಮ, ಇವಳಿಗೆ ಜಡೆ?” ಎಂದಿದ್ದರು. ಆ ಒಂದು ಮಾತು ಕೇಳಿ ಸೊಸೆಗೆ ಅಳು ಬಂದಿತ್ತು. ಅವಳೇ ಪಕ್ಕದಲ್ಲಿ ಕೂತು ಅವರ ಫೋನಿನಲ್ಲಿ ಖಾತೆ ತೆರೆದುಕೊಟ್ಟಿದ್ದಳು. ಕಂಪನಿ ಅವಳನ್ನು ತಂದು ಅದೇ ಪುಟಕ್ಕೆ ಕೂರಿಸುತ್ತದೆಂದು ಆಗ ಯಾರಿಗೆ ಗೊತ್ತಿತ್ತು? ಈಗ ಆ ಖಾತೆ ಮುಚ್ಚಿದರೆ ಮುದುಕ ಮತ್ತೆ ಮೂರು ಮಾತಿಗೆ ಇಳಿಯುತ್ತಾರೆ ಎಂಬುದೊಂದೇ ಅವಳ ಹೆದರಿಕೆ.

ಊಟಕ್ಕೆ ಕೂತಾಗಲೂ ಅದೇ ಪುರಾಣ.

“ಅಲ್ಲೊಬ್ಬ ಕೂತಿದ್ದಾನೆ, ಕತ್ತರಿ ಹಿಡ್ಕೊಂಡು,” ಎಂದರು ಮಾವ. “ಬರೆಯೋದಷ್ಟೇ ತಡ, ಕಚಕ್. ಅವನ ಕೈಗೆ ಲಕ್ವ ಹೊಡೀಲಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸೊಸೆ ಬಡಿಸುತ್ತಿದ್ದ ಸೌಟನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದಳು. “ಅವನದೂ ಹೊಟ್ಟೆಪಾಡು ಅಲ್ವಾ ಮಾವ?” ಎಂದಳು.

“ಹೊಟ್ಟೆಪಾಡಿಗೆ ಬೇರೆ ಕೆಲಸ ಇರಲಿಲ್ವಾ?”

ಗಂಡ ಆಕಳಿಸುತ್ತ ಹೇಳಿದ, “ಅಪ್ಪ, ಇಲ್ಲದ ಹೆಂಗಸಿನ ವಿಷಯಕ್ಕೆ ಯಾಕೆ ಬಿ.ಪಿ. ಏರಿಸ್ಕೋತೀರಾ?”

ಮಾವ ತಟ್ಟೆಯಿಂದ ತಲೆ ಎತ್ತಿದರು. “ಇಲ್ಲದ ಹೆಂಗಸಾ? ನಿಮ್ಮಮ್ಮ ಹೇಗೆ ಹೋದಳು? ಆ ಕ್ಯಾಪ್ಟನ್ ಥರಾನೇ ಹೋದಳು. ಅಳಲಿಲ್ಲ, ಬೇಡಲಿಲ್ಲ. ನಾನು ಪಕ್ಕದಲ್ಲಿಲ್ಲ ಅಂತ ಹುಡುಕಲೂ ಇಲ್ಲ. ಇವಳನ್ನೇ ಕೇಳು, ಇವಳಿದ್ದಳಲ್ಲ.”

“ಹೂಂ,” ಎಂದಳು ಸೊಸೆ.

ಅದು ಸುಳ್ಳು. ಆಸ್ಪತ್ರೆಯಲ್ಲಿ ಆವತ್ತು ಮಾವನನ್ನು ಕೆಳಗಿನ ಕ್ಯಾಂಟೀನಿಗೆ ಕಳಿಸಿದವಳು ಅವಳೇ. “ಹೋಗಿ ಏನಾದ್ರೂ ತಿಂದು ಬನ್ನಿ, ನಾನಿರ್ತೀನಿ” ಎಂದಿದ್ದಳು. ಅವರು ಹೋದ ಸ್ವಲ್ಪ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟು ಅವಳ ಮಣಿಕಟ್ಟು ಹಿಡಿದುಕೊಂಡರು. ಭಯ ಆಗ್ತಿದೆ ಎಂದರು, ಅವರನ್ನ ಕರಿ ಎಂದರು. ಮಾವನ ಫೋನು ಅಲ್ಲೇ ದಿಂಬಿನ ಪಕ್ಕ ಬಿದ್ದಿತ್ತು. ಕೆಳಗೆ ಓಡೋಣವೆಂದರೆ ಅತ್ತೆ ಕೈ ಬಿಡಲಿಲ್ಲ. ಮಾವ ಹೆಂಡತಿಗೂ ಒಂದು ಲೋಟ ಚಹಾ ಹಿಡಿದು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ಲೋಟ ನೋಡಿದ ಸೊಸೆಗೆ ಬಾಯಿಗೆ ಬಂದದ್ದು ಒಂದೇ ಮಾತು: “ನಿದ್ದೆಯಲ್ಲೇ ಹೋದರು ಮಾವ. ಏನೂ ಹೇಳಲಿಲ್ಲ.” ಆಮೇಲೆ ಅದನ್ನು ಹಿಂತೆಗೆದುಕೊಳ್ಳುವ ದಿನ ಬರಲೇ ಇಲ್ಲ. ಉಗುಳಲೂ ಆಗದೆ ನುಂಗಲೂ ಆಗದೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಅವಳು ವರ್ಷ ಕಳೆದಿದ್ದಳು. ಮಾವನಿಗೆ ಉಳಿದಿದ್ದುದು ಬೇಡಿಕೊಳ್ಳದ ಆ ಇಬ್ಬರು ಹೆಂಗಸರು. ಅವರಲ್ಲಿ ಒಬ್ಬರು ಬೇಡಿಕೊಂಡಿದ್ದರೆಂದು ಇವಳೊಬ್ಬಳಿಗೇ ಗೊತ್ತಿತ್ತು.

ಅಷ್ಟರಲ್ಲಿ ಜಗಳ ಇನ್ನೊಂದು ತಿರುವು ತೆಗೆದುಕೊಂಡಿತು. ‘ಚಂದ್ರನ ಅಳಿಯ’ ಎಂಬುವನೊಬ್ಬ, “ಹೊಸಬಳನ್ನು ಯಾಕೆ ಬೈತೀರಿ? ಹಳೇ ನೌಕೆಯಲ್ಲೂ ಕ್ಯಾಪ್ಟನ್ ಬೇಡಿಕೊಂಡಿದ್ದಳಲ್ಲ, ನಾನೇ ನೋಡಿದ್ದೀನಿ” ಎಂದು ಬರೆದ. ಹೌದು ನಾವೂ ನೋಡಿದ್ದೇವೆ ಎಂದು ಎಲ್ಲೆಲ್ಲಿಂದಲೋ ಜನ ದನಿಗೂಡಿಸಿದರು. ಇಲ್ಲವೇ ಇಲ್ಲ, ಅಂಥ ದೃಶ್ಯವೇ ಇರಲಿಲ್ಲ ಎಂದು ಹಳೇ ರೀಲಿನ ಕಡೆಯವರು ಪಟ್ಟು ಹಿಡಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅಳಿಸುತ್ತ ಅಳಿಸುತ್ತ ಸೊಸೆ ಒಂದು ವಿಚಿತ್ರ ಗಮನಿಸಿದಳು: ಇಲ್ಲವೆಂದು ಆಣೆ ಹಾಕುತ್ತಿದ್ದವರೆಲ್ಲ ಇದೇ ಊರಿನವರು, ಮಾವನ ಟಾಕೀಸಿನಲ್ಲೇ ನೌಕೆ ನೋಡಿದವರು. ಹೊರಗಿನವನೊಬ್ಬನೂ ಆ ಗುಂಪಿನಲ್ಲಿರಲಿಲ್ಲ. ಇದೇನಿದು ಎಂದುಕೊಂಡಳು. ಮುಂದಕ್ಕೆ ಯೋಚಿಸಲು ತಲೆ ಒಪ್ಪಲಿಲ್ಲ.

ಮಧ್ಯಾಹ್ನ ಕಂಪನಿಯ ಮೇಲ್ವಿಚಾರಕಿ ಫೋನು ಮಾಡಿದಳು. ಅವಳ ದನಿಯೂ ಬಳಲಿತ್ತು. “ನಾಳೆ ಹಳೇ ಸಿನಿಮಾದ ಆ ದೃಶ್ಯಾನೇ ಶುಚಿ ಮಾಡಿ ಪುಟದಲ್ಲಿ ಹಾಕ್ತಿದ್ದಾರೆ. ಎಲ್ಲರ ಬಾಯಿ ಮುಚ್ಚಲಿ ಅಂತ. ಆಮೇಲೂ ಯಾರಾದ್ರೂ ಎಗರಾಡಿದ್ರೆ ಖಾತೆ ಬಂದ್ ಮಾಡಿ, ನನ್ನ ಕೇಳ್ಬೇಡಿ.”

ಅವಳು ಕಳಿಸಿದ್ದ ತುಣುಕನ್ನು ಸೊಸೆ ತೆರೆದು ನೋಡಿದಳು. ಮೋಟುಗೂದಲಿನ ಹಳೇ ಕ್ಯಾಪ್ಟನ್ ಕುರ್ಚಿಯಿಂದ ಇಳಿದಳು, ಮಂಡಿಯೂರಿದಳು, ಭಯ ಆಗ್ತಿದೆ ಎಂದಳು, ಇನ್ನೊಂದು ಸ್ವಲ್ಪ ಹೊತ್ತು ಬಿಡು ಎಂದಳು. ಹೊಸ ಸಿನಿಮಾದವರು ಜಡೆ ಸೇರಿಸಿದ್ದರು, ಗಂಡನನ್ನೂ ಬೆಕ್ಕನ್ನೂ ಸೇರಿಸಿದ್ದರು. ಬೇಡಿಕೊಳ್ಳುವುದು ಮಾತ್ರ ಮೊದಲಿನಿಂದಲೂ ಇತ್ತು. ಸೊಸೆ ತಟ್ಟನೆ ದನಿ ತಗ್ಗಿಸಿ ಗೋಡೆಯ ಕಡೆ ನೋಡಿದಳು.

ಸಂಜೆ ಅವಳು ಸುತ್ತಿ ಬಳಸಿ ಪ್ರಯತ್ನಪಟ್ಟಳು. “ಮಾವ, ನಾಳೆ ರಜೆ ಹಾಕ್ತೀನಿ. ಫೋನು ಮನೆಯಲ್ಲೇ ಬಿಟ್ಟು ಪೇಟೆಗೆ ಹೋಗಿ ಬರೋಣ. ನಿಮ್ಮ ಚಪ್ಪಲಿ ಸವೆದುಹೋಗಿದೆ.”

“ನಾಳೆ ಆಗಲ್ಲಮ್ಮ,” ಎಂದರು ಮಾವ. “ಆ ಚಂದ್ರನ ಅಳಿಯನಿಗೆ ಉತ್ತರ ಕೊಡೋದಿದೆ.”

ಮಾರನೇ ದಿನ ಬೆಳಗ್ಗೆ ದೃಶ್ಯ ಪುಟದ ಮೇಲೆ ಬಂತು. ಗೋಡೆಯಾಚೆಯಿಂದ ಕ್ಯಾಪ್ಟನ್ನಿನ ದನಿ ಕೇಳಿಸಿತು. ಮುಗಿಯಿತು. ಮತ್ತೆ ಮೊದಲಿನಿಂದ ಕೇಳಿಸಿತು. ಮತ್ತೆ ಕೇಳಿಸಿತು. ಆಮೇಲೆ ನಿಟ್ಟುಸಿರೂ ಇಲ್ಲ, ಗೊಣಗಾಟವೂ ಇಲ್ಲ. ಬಟ್ಟೆಯ ಮೆಷಿನ್ ಕೂಡ ಆಗಲೇ ನಿಂತಿತ್ತು.

ಪರದೆಯ ಮೇಲೆ ಮಾತ್ರ ಸುಗ್ಗಿ. “ಹಳೇ ರೀಲು ಅಲ್ಲ, ಹಳೇ ಸುಳ್ಳು.” “ಅಜ್ಜನಿಗೆ ಅರಳುಮರಳು.” “ಕ್ಯಾಪ್ಟನ್ ಬೇಡಿಕೊಂಡಿದ್ದು ಸಾಕು, ಈಗ ನೀನು ಬೇಡಿಕೋ.” ನಿಯಮದ ಪ್ರಕಾರ ಇವು ಬೈಗುಳವಲ್ಲ, ತಮಾಷೆ, ಬಿಡಬೇಕು. ಸೊಸೆ ಒಂದನ್ನೂ ಬಿಡಲಿಲ್ಲ. ಒಂದು ಅಳಿಸಿದರೆ ಹತ್ತು ಬಂದವು. ಇರುವೆ ಸಾಲು ಒರೆಸಿದ ಹಾಗೆ ಒರೆಸುತ್ತಲೇ ಇದ್ದಳು. ಬೆರಳು ನೋಯತೊಡಗಿತು. ಇದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ಒರೆಸಿದಳು.

ಕೊನೆಗೆ ಗೋಡೆಯಾಚೆ ಟಕ್ ಟಕ್ ಶುರುವಾಯಿತು. ಎಂದಿಗಿಂತ ನಿಧಾನ, ಎಂದಿಗಿಂತ ಉದ್ದ. ಬಂದು ಬಿದ್ದದ್ದು ಇಷ್ಟು:

“ಕ್ಯಾಪ್ಟನ್ ಬೇಡಿಕೊಂಡಿದ್ದಳು. ನೀವು ಹೇಳಿದ್ದೇ ಸರಿ. ನಮ್ಮ ಟಾಕೀಸಿಗೆ ಬಂದ ಪ್ರಿಂಟು ಹತ್ತೂರು ಸುತ್ತಿ ಹರಿದಿತ್ತು. ಆ ಜಾಗದಲ್ಲಿ ಪ್ರತಿ ಆಟಕ್ಕೂ ತುಂಡಾಗುತ್ತಿತ್ತು, ಜನ ಸೀಟಿ ಹೊಡೆಯುತ್ತಿದ್ದರು. ಹಾಳಾದಷ್ಟನ್ನು ಕತ್ತರಿಸಿ ತೆಗೆದು ಅಂಟಿಸಿದ ಆಪರೇಟರ್ ನಾನೇ. ನಮ್ಮ ಊರಿನವರು ಸುಳ್ಳು ಹೇಳಿಲ್ಲ, ಅವರಿಗೆ ನಾನು ತೋರಿಸಿದ್ದೇ ಅಷ್ಟು. ಚಂದ್ರನ ಅಳಿಯನ ಅಪ್ಪ ಟಿಕೆಟ್ ತೆಗೆದುಕೊಂಡೇ ಬಂದಿರಬೇಕು, ಅವರಿಗೆ ನನ್ನ ನಮಸ್ಕಾರ. ಇನ್ನು ನಾನು ಇಲ್ಲಿಗೆ ಬರುವುದಿಲ್ಲ.”

ಮತ್ತೆ ಅಪ್ಪನ ಸುದ್ದಿ. ನಿಯಮ ಹಿಡಿದರೆ ಮೂರನೇ ಸಲ, ಖಾತೆ ಬಂದ್. ಸೊಸೆ ಅದನ್ನು ಹಾಗೇ ಬಿಟ್ಟಳು. ಕಂಪ್ಯೂಟರನ್ನೂ ಹಾಗೇ ಬಿಟ್ಟು ಎದ್ದು ಹೊರಗೆ ಬಂದಳು.

ಮಾವ ಫೋನನ್ನು ಸೋಫಾದ ಮೇಲೆ ಮಗುಚಿ ಹಾಕಿ ಕೂತಿದ್ದರು. ಸೊಸೆಯನ್ನು ನೋಡಿ, “ಬಿಟ್ಟ ನೋಡು,” ಎಂದರು. “ಇಷ್ಟು ದಿನ ಬರೆದದ್ದೆಲ್ಲ ಕತ್ತರಿಸ್ದ. ಮಾನ ಹೋಗೋ ಮಾತು ಮಾತ್ರ ಅಕ್ಷರ ಬಿಡದೆ ಹಾಕ್ದ.”

ಏನು ವಿಷಯ ಎಂದು ಅವಳು ಕೇಳಲಿಲ್ಲ, ಅವಳು ಕೇಳಲಿಲ್ಲವೆಂಬುದನ್ನು ಅವರು ಗಮನಿಸಲಿಲ್ಲ.

“ಆ ತುಂಡು ನೋಡಿದ ಮೇಲೇ ಎಲ್ಲ ನೆನಪಾಯ್ತಮ್ಮ. ಪ್ರಿಂಟು ವಾಪಸ್ ಕಳಿಸೋ ಮುಂಚೆ ಸೇರಿಸೋಣ ಅಂತ ತೆಗೆದಿಟ್ಟಿದ್ದೆ. ನಮ್ಮದು ಆಗ ಹೊಸ ಮದುವೆ. ನಿಮ್ಮತ್ತೆ ಮೇಲೆ ನನ್ನ ರೂಮಲ್ಲೇ ನಿಂತು ಸಿನಿಮಾ ನೋಡಿದಳು. ಮುಗಿದ ಮೇಲೆ, ‘ಎಂಥಾ ಗಟ್ಟಿ ಹೆಂಗಸು ರೀ, ಇದ್ರೆ ಹಾಗಿರಬೇಕು’ ಅಂದಳು. ಆಮೇಲೆ ಆ ತುಂಡು ಸೇರಿಸೋಕೆ ಮನಸ್ಸು ಬರಲಿಲ್ಲ.” ಮಾವ ಮಂಡಿ ನೀವಿಕೊಂಡರು. “ಹಾಗೇ ಇದ್ದಳು ಕಣಮ್ಮ, ಜೀವನ ಪೂರ್ತಿ. ತಲೆನೋವು ಅಂತ ಒಂದು ದಿನ ಹೇಳಿದವಳಲ್ಲ. ನಾನು ಕತ್ತರಿಸಿಟ್ಟ ಹೆಂಗಸನ್ನ ನೋಡ್ಕೊಂಡು.”

ಸೊಸೆ ಸೋಫಾದ ಅಂಚಿನಲ್ಲಿ ಕೂತಳು. ಇಡೀ ದಿನ, ಇಡೀ ವರ್ಷ ಅವಳ ಭುಜದ ಮೇಲೆ ಕೂತಂತಿತ್ತು. ಸಹಿ ಹಾಕಿದ್ದು ನೆನಪಾಯಿತು. ಆದರೆ ಅದನ್ನು ಇನ್ನು ಹೊರುವುದು ಅವಳಿಂದಾಗಲಿಲ್ಲ.

“ಮಾವ, ಆ ಕತ್ತರಿ ನಾನೇ.”

ಮಾವ ಅವಳನ್ನು ನೋಡಿದರು, ಆಮೇಲೆ ಅವಳ ಕೋಣೆಯ ಬಾಗಿಲನ್ನು ನೋಡಿದರು. “ಟೈಪಿಂಗ್ ಅಂದಿದ್ದೆ?”

“ಟೈಪಿಂಗೇ. ಒಂದೇ ಗುಂಡಿ.”

ಅವರ ಮೂಗಿನಿಂದ ಸಣ್ಣದೊಂದು ನಗು ಹೊರಟಿತು. “ಕೈಗೆ ಲಕ್ವ ಹೊಡೀಲಿ ಅಂದುಬಿಟ್ಟೆನಲ್ಲಮ್ಮ.”

“ಹೊಡೀಲಿಲ್ಲ ಬಿಡಿ.”

“ಹಾಗಾದ್ರೆ ನೀನೂ ನನ್ನ ಕಸುಬಿನವಳೇ,” ಎಂದರು. ನಗು ಅಲ್ಲಿಗೆ ನಿಂತಿತು. ಮಾವ ಅವಳ ಕೈಗಳನ್ನೇ ನೋಡುತ್ತ ಕೂತರು. ಅವರ ಮುಖದಲ್ಲಿ ಒಂದು ಯೋಚನೆ ಮೆಲ್ಲಗೆ ಮೇಲೇಳುವುದು ಅವಳಿಗೆ ಕಂಡಿತು, ಅದೇನೆಂದು ಅವರು ಬಾಯಿ ಬಿಡುವ ಮೊದಲೇ ಗೊತ್ತಾಯಿತು.

“ಆಸ್ಪತ್ರೆಯಲ್ಲಿ ನೀನೊಬ್ಬಳೇ ಇದ್ದೆ,” ಎಂದರು. “ಅಲ್ಲೂ ಏನಾದ್ರೂ ತೆಗೆದಿದ್ದೀಯಾ?”

‘ಇಲ್ಲ’ ಎನ್ನುವುದು ನಾಲಿಗೆ ತುದಿಯಲ್ಲೇ ಇತ್ತು. ಒಂದು ಗುಂಡಿ ಒತ್ತಿದಷ್ಟೇ ಸುಲಭ. ಈ ಬೆಳಗ್ಗೆಯಿಂದ ಎಷ್ಟು ಸಲ ಒತ್ತಿಲ್ಲ?

“ತೆಗೆದಿದ್ದೀನಿ,” ಎಂದಳು.

ಮಾವ ಕಣ್ಣು ಮುಚ್ಚಿದರು. “ಪೂರ್ತಿ ಹೇಳು. ನಡುವೆ ಎಲ್ಲೂ ಬಿಡಬೇಡ.”

ಅವಳು ಹೇಳಿದಳು. ಅವರು ಕೆಳಗೆ ಹೋದದ್ದು, ಅತ್ತೆ ಕಣ್ಣು ಬಿಟ್ಟದ್ದು, ಮಣಿಕಟ್ಟು ಹಿಡಿದದ್ದು. ಭಯ ಆಗ್ತಿದೆ ಎಂದದ್ದು. ಅವರೆಲ್ಲಿ, ಅವರನ್ನ ಕರಿ ಎಂದದ್ದು. ಫೋನು ದಿಂಬಿನ ಪಕ್ಕ ಇದ್ದದ್ದು, ತಾನು ಓಡಲಾಗದೆ ಕೂತದ್ದು. ಹೇಳುವಾಗ ಅವಳು ಮಾವನ ಮುಖ ನೋಡಲಿಲ್ಲ, ಮಗುಚಿ ಬಿದ್ದ ಫೋನನ್ನು ನೋಡಿಕೊಂಡು ಹೇಳಿದಳು. ಅವರ ಇಬ್ಬರು ಹೆಂಗಸರನ್ನೂ ಒಂದೇ ದಿನ ಮುಗಿಸಿಬಿಟ್ಟೆ ಎನಿಸಿತು. ಒಳಗೆ ಕೋಣೆಯಲ್ಲಿ ಅವಳ ಫೋನು ಹೊಡೆದುಕೊಳ್ಳತೊಡಗಿತು, ಮೇಲ್ವಿಚಾರಕಿಯೇ ಇರಬೇಕು. ಅವಳು ಏಳಲಿಲ್ಲ. ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು.

“ನನ್ನನ್ನ ಕರಿ ಅಂದಳಾ?” ಎಂದರು ಮಾವ.

“ಅಂದ್ರು. ಬಾಗಿಲ ಕಡೇನೇ ನೋಡ್ತಿದ್ದರು.”

ಇನ್ನು ಬರುವುದು ಆ ಮೂರು ಮಾತುಗಳಲ್ಲಿ ಒಂದು ಎಂದು ಸೊಸೆ ಕಾದಳು. ಮಾವ ಅಂಗಿಯ ತೋಳಿನಿಂದ ಒಂದು ಕಣ್ಣು ಒರೆಸಿಕೊಂಡರು, ಆಮೇಲೆ ಇನ್ನೊಂದು.

“ನಾನು ಬೇಕಾಗಿದ್ದೆ,” ಎಂದರು. “ಹೋಗೋವಾಗಲೂ ಅವಳಿಗೆ ನಾನು ಬೇಕಾಗಲಿಲ್ವಲ್ಲ ಅಂತ ಒಳಗೇ ಕೊರೀತಿತ್ತಮ್ಮ. ಅದನ್ನೇ ದೊಡ್ಡ ಹೆಮ್ಮೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆ.”

ಸೊಸೆ ಅವರ ಕೈ ಹಿಡಿದುಕೊಂಡಳು. ಮಾವ ಸರಿದು ಅವಳಿಗೆ ಸರಿಯಾಗಿ ಕೂರಲು ಜಾಗ ಮಾಡಿಕೊಟ್ಟರು.

“ಇನ್ನೊಂದು ಸಲ ಹೇಳು,” ಎಂದರು. “ಮೊದಲಿಂದ.”